ಹಳೇಬೀಡಿನ ಗೋಡೆ ಮುಂದೆ ಜಿಪಿಎಸ್‌ಗೆ ಏನು ಕೆಲಸ?

ಬೇಲೂರು, ಹಳೇಬೀಡು, ಸೋಮನಾಥಪುರ 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದಾಗಿನಿಂದ ನಮ್ಮ ಗೆಳೆಯರ ಬಳಗದಲ್ಲಿ ಒಂದೇ ಮಾತು: ನಾವು ನಿಂತ ಜಾಗ ಗುರುತಿಸಿ ತಾನಾಗಿಯೇ ಕಥೆ ಹೇಳೋ ಆ್ಯಪ್ ಬರಬೇಕು ಅಂತ. ಬರಲಿ, ಬೇಡ ಅನ್ನಲ್ಲ. ಆದರೆ ಅದರ ಕೆಲಸ ಇರೋದು ಗುಡಿಯ ಗೋಡೆ ಹತ್ತಿರ ಅಲ್ಲ, ಒಂದು ಗುಡಿಯಿಂದ ಇನ್ನೊಂದು ಗುಡಿಗೆ ಹೋಗೋ ದಾರಿಯಲ್ಲಿ.

ಹಳೇಬೀಡಿನಲ್ಲಿ ಅಂಥದ್ದೊಂದು ಆ್ಯಪ್ ಹಾಕಿಕೊಂಡು ಸುತ್ತಿದೆ. ಹೆಸರು ಬೇಡ. ನಾನು ಗಜಾಸುರ ಸಂಹಾರದ ಮುಂದೆ ನಿಂತಿದ್ದೀನಿ, ಕಿವಿಯಲ್ಲಿ ರಾವಣ ಕೈಲಾಸ ಎತ್ತುತ್ತಿದ್ದಾನೆ! ಆ್ಯಪ್ ಮಾಡಿದವರನ್ನು ಪೂರ್ತಿ ಬೈಯೋಕೂ ಆಗಲ್ಲ. ಬಯಲಲ್ಲೇ ಫೋನಿನ ಜಿಪಿಎಸ್ ಸುಮಾರು ಐದು ಮೀಟರ್ ಆಚೀಚೆ ತೋರಿಸುತ್ತೆ. ಗೋಡೆಗೆ ಹತ್ತಿರ ನಿಂತರೆ ಅರ್ಧ ಆಕಾಶವೇ ಮುಚ್ಚಿಹೋಗುತ್ತೆ, ಉಪಗ್ರಹದ ಸಿಗ್ನಲ್ ಕಲ್ಲಿಗೆ ಬಡಿದು ಸುತ್ತು ಹಾಕಿ ಬರುತ್ತೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಐದು ಮೀಟರ್ ಅಂದರೆ ಸಣ್ಣ ಜಾಗವೇ? ಅಷ್ಟರಲ್ಲಿ ಎಷ್ಟೋ ದೇವರು ಮುಗಿದಿರ್ತಾರೆ, ಅವರ ಕೆಳಗೆ ಆನೆ, ಕುದುರೆ, ಮಕರ, ಹಂಸಗಳ ಸಾಲು ಬೇರೆ. ಇನ್ನು ಗುಡಿಯೊಳಗಿನ ಕಂಬಗಳ ಮಂಟಪ, ಅಂದರೆ ನವರಂಗದ ಕತ್ತಲೆಗೆ ಕಾಲಿಟ್ಟರೆ ಸಿಗ್ನಲ್ಲೇ ನಾಪತ್ತೆ.

ಬೇಲೂರಿನ ಸಮಸ್ಯೆ ಇನ್ನೊಂದು ಥರ. ಮದನಿಕೆಯರು ಇರೋದು ತಲೆ ಮೇಲೆ, ಸೂರಿನ ಕೆಳಗೆ. ನಾನು ಎಲ್ಲಿ ನಿಂತಿದ್ದೀನಿ ಅನ್ನೋದು ಸರಿಯಾಗಿ ಗೊತ್ತಾದರೂ ಎತ್ತ ನೋಡ್ತಿದ್ದೀನಿ ಅಂತ ಜಿಪಿಎಸ್‌ಗೆ ಹೇಗೆ ಗೊತ್ತಾಗಬೇಕು? ಹಣ್ಣಿನ ಮೇಲೆ ಕೂತ ನೊಣ, ಅದಕ್ಕೆ ಹೊಂಚು ಹಾಕಿದ ಹಲ್ಲಿ: ಅಲ್ಲಿನ ಗೈಡ್ ಬೆರಳು ತೋರಿಸದೆ ಇದ್ದರೆ ನನಗಂತೂ ಕಾಣ್ತಿರಲಿಲ್ಲ. ಬಳ್ಳಿಗಾವೆಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ತಮ್ಮ ಕೆಲಸದ ಅಡಿಯಲ್ಲಿ ಹೆಸರು ಕೆತ್ತಿಟ್ಟಿದ್ದಾರಲ್ಲ, ಅದನ್ನು ತೋರಿಸೋಕೂ ಬೆರಳೇ ಬೇಕು.

ಹತ್ತಿರ ಬಂದ ಫೋನಿಗೆ ಸಿಗ್ನಲ್ ಕಳಿಸೋ ಪುಟ್ಟ ಸಾಧನ, ಬ್ಲೂಟೂತ್ ಬೀಕನ್, ಹಾಕಿದರಾಯ್ತು ಅಂತಾರೆ ಕೆಲವರು. ಸಂರಕ್ಷಿತ ಸ್ಮಾರಕದ ಕಲ್ಲಿಗೆ ಮೊಳೆ ಹೊಡೆಯೋ ಹಾಗಿಲ್ಲ, ಹೊಡೆಯಲೂಬಾರದು. ಹೇಗೋ ಇಟ್ಟರು ಅಂತಲೇ ಇಟ್ಟುಕೊಳ್ಳಿ, ಬ್ಯಾಟರಿ ಮುಗಿದ ಮೇಲೆ ಬದಲಾಯಿಸೋರು ಯಾರು? ಉದ್ಘಾಟನೆಗೆ ಎಲ್ಲರೂ ಬರ್ತಾರೆ ಬಿಡಿ.

ಗೋಡೆ ಹತ್ತಿರಕ್ಕೆ ಸಾಕಾಗೋದು ತೀರಾ ಸಾದಾ ವ್ಯವಸ್ಥೆ. ಗುಡಿ ನಿಂತಿರೋ ಕಟ್ಟೆ, ಅಂದರೆ ಜಗತಿಯ ಅಂಚಿಗೆ ಕಲ್ಲಿಗೆ ತಾಗದ ಹಾಗೆ ನಂಬರ್ ಫಲಕ ಇಡಿ. ಜನ ಹೇಗೂ ಪ್ರದಕ್ಷಿಣೆ ಬರ್ತಾರೆ, ಒಂದು, ಎರಡು, ಮೂರು ಅಂತ ಅದೇ ಕ್ರಮದಲ್ಲಿ ಆಡಿಯೊ ಇರಲಿ. ಚಪ್ಪಲಿ ಬಿಡೋ ಜಾಗದಲ್ಲೇ ಡೌನ್‌ಲೋಡ್ ಆಗಿಬಿಡಬೇಕು, ಆಮೇಲೆ ನೆಟ್ ಹುಡುಕೋ ಹಾಗಿರಬಾರದು. ಮಧ್ಯಾಹ್ನದ ಬಿಸಿಲಲ್ಲಿ ಕಲ್ಲು ಅಂಗಾಲು ಸುಡ್ತಿರುತ್ತೆ, ಫೋನಿನ ಪರದೆ ನೆಟ್ಟಗೆ ಕಾಣಲ್ಲ. ಆ ಹೊತ್ತಲ್ಲಿ ಮ್ಯಾಪ್ ಮೇಲಿನ ನೀಲಿ ಚುಕ್ಕಿ ಹುಡುಕು ಅನ್ನೋದು ಹಿಂಸೆ.

ಜಾಗ ಗುರುತಿಸೋ ತಂತ್ರಜ್ಞಾನ ನಿಜಕ್ಕೂ ಬೇಕಾಗಿರೋದು ಹೊರಗೆ. ಹೊಯ್ಸಳೇಶ್ವರ ನೋಡಿ, ಹುಲ್ಲಿನ ಮೇಲೆ ಫೋಟೊ ತೆಗೆಸಿಕೊಂಡು ನೇರ ಬಸ್ ಹತ್ತೋರು ಎಷ್ಟು ಜನ! ನಡೆದೇ ಹೋಗೋ ದೂರದಲ್ಲಿ ಬಸದಿಹಳ್ಳಿ ಇದೆ. ಹೊಯ್ಸಳರ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪದೇವ 1133ರಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ಅಲ್ಲಿದೆ. ಒಳಗೆ ಸುಮಾರು 18 ಅಡಿಯ ಪಾರ್ಶ್ವನಾಥ, ನವರಂಗದಲ್ಲಿ ಕನ್ನಡಿ ಥರ ಹೊಳೆಯೋ ಕಂಬಗಳು. ಹೊಯ್ಸಳೇಶ್ವರದ ಗೇಟು ದಾಟಿದ ಕೂಡಲೇ ಫೋನು ಒಂದು ಸಲ ಗುಂಯ್ ಅಂದು "ಇನ್ನೂ ಬಸದಿಹಳ್ಳಿ ಇದೆ, ಕೇದಾರೇಶ್ವರ ಇದೆ, ಹೀಗೆ ಹೋಗಿ" ಅಂದರೆ ಸಾಕು. ಅಷ್ಟಕ್ಕೆ ಐದಲ್ಲ, ಐವತ್ತು ಮೀಟರ್ ತಪ್ಪಾದರೂ ನಡೆಯುತ್ತೆ.

ಜೊತೆಗೆ ಅದೇ ಆ್ಯಪಿನಲ್ಲಿ ಅಧಿಕೃತ ಗೈಡ್‌ಗಳ ಪಟ್ಟಿ, ಅವರು ಮಾತಾಡೋ ಭಾಷೆ, ದರ ಮೂರನ್ನೂ ಹಾಕಿ. ದರ ಮೊದಲೇ ಗೊತ್ತಿದ್ದರೆ ಚೌಕಾಸಿಗೆ ಅಂಜಿ ಗೈಡೇ ಬೇಡ ಅನ್ನೋ ನನ್ನಂಥೋರು ಅವರನ್ನು ಕರೆದುಕೊಂಡೇ ಒಳಗೆ ಹೋಗ್ತೀವಿ.