ಗ್ಡಾನ್ಸ್ಕ್‌ನಲ್ಲಿ ರೂಮು ಎಲ್ಲಿ ಹಿಡಿಯಬೇಕು?
ನಿಮ್ಮ ಪ್ರವಾಸ ಲೇಖನದಲ್ಲಿ, ಪೋಲೆಂಡಿನ ಗ್ಡಾನ್ಸ್ಕ್‌ಗೆ ಹೋದವರು ಹಳೇ ಪೇಟೆಯೊಳಗೇ ಉಳಿಯಬೇಕು ಅಂತ ಬರೆದಿದ್ದೀರಿ. ಈ ಮಾತು ನನಗೆ ಒಪ್ಪಿಗೆಯಿಲ್ಲ. ಅಲ್ಲಿನ ನೆಪ್ಚೂನ್ ಕಾರಂಜಿಯ ಆಸುಪಾಸು ಬೇಸಿಗೆಯಲ್ಲಿ ಬಾಡಿಗೆ ಜಾಸ್ತಿ. ಜುಲೈ ಕೊನೆಯಿಂದ ಸುಮಾರು 3 ವಾರ ನಡೆಯುವ ಸೇಂಟ್ ಡೊಮಿನಿಕ್ ಜಾತ್ರೆಯ ಹೊತ್ತಿಗಂತೂ ಕೇಳುವುದೇ ಬೇಡ. ನಾವು ವ್ಜೆಶ್ಚ್ ಬಡಾವಣೆಯ ಸಣ್ಣ ಹೋಟೆಲಿನಲ್ಲಿದ್ದೆವು. ಎಸ್‌ಕೆಎಂ ಲೋಕಲ್ ರೈಲು ಹತ್ತಿದರೆ ಮುಖ್ಯ ನಿಲ್ದಾಣ ಹತ್ತು ನಿಮಿಷವೂ ಇಲ್ಲ. ಅದೇ ರೈಲು ಇನ್ನೊಂದು ದಿಕ್ಕಿಗೆ ಸೊಪೊಟ್ ಕಡಲತೀರಕ್ಕೂ ಹೋಗುತ್ತದೆ. ಊಟಕ್ಕೆ ‘ಬಾರ್ ಮ್ಲೆಚ್ನಿ’ ಹುಡುಕಿ. ಹೆಸರಲ್ಲಿ ಬಾರ್ ಇದ್ದರೂ ಅದು ಅಗ್ಗದ ಊಟದ ಮನೆ. ಆಲೂಗಡ್ಡೆ, ಚೀಸ್ ತುಂಬಿದ ಪಿಯೆರೋಗಿ (ನಮ್ಮ ಕರಿಗಡುಬಿನ ಆಕಾರ, ಆದರೆ ಬೇಯಿಸಿದ್ದು) ಸಸ್ಯಾಹಾರಿಗಳಿಗೆ ಸಾಕು. ಮೇಲೆ ಹುರಿದ ಹಂದಿಮಾಂಸದ ಚೂರು ಉದುರಿಸುವುದುಂಟು, ಮೊದಲೇ ಕೇಳಿಕೊಳ್ಳಿ.

ಒಂದು ವಿಷಯ ನೀವು ಬರೆಯಲೇಬೇಕಿತ್ತು. ಹಳೇ ಪೇಟೆಯ ಆ ಬಣ್ಣಬಣ್ಣದ ಮನೆಗಳು ಬಹುಪಾಲು 1945ರಲ್ಲಿ ನೆಲಸಮವಾಗಿ, ಯುದ್ಧದ ನಂತರ ಮತ್ತೆ ಕಟ್ಟಿದವು. ಅದು ಗೊತ್ತಾದ ಮೇಲೆ ಅದೇ ಬೀದಿಯಲ್ಲಿ ಎರಡನೇ ಸಲ ನಡೆದೆ, ಗಂಟಲು ಕಟ್ಟಿತು. 1980ರಲ್ಲಿ ಸಾಲಿಡಾರಿಟಿ ಎಂಬ ಕಾರ್ಮಿಕ ಸಂಘಟನೆ ಹುಟ್ಟಿದ, ಹಡಗು ಕಟ್ಟುವ ಕಾರ್ಖಾನೆಗೆ ದಯವಿಟ್ಟು ಅರ್ಧ ದಿನ ಇಡಿ.