ಕ್ರೇನ್ ಫ್ಲೈ ಚಿತ್ರಕ್ಕೆ ಪ್ರಭೇದದ ಹೆಸರು ಕೊಡುವ ಆತುರವೇಕೆ?

ಮಳೆ ಹಿಡಿಯುತ್ತಿದ್ದಂತೆ ದೀಪದ ಬೆಳಕಿಗೆ ಬಂದು ಗೋಡೆಗೆ ಅಂಟಿಕೊಳ್ಳುವ, ಉದ್ದುದ್ದ ಕಾಲಿನ, ನೋಡಿದವರೆಲ್ಲ ದೈತ್ಯ ಸೊಳ್ಳೆಯೆಂದು ಹೆದರುವ ಕ್ರೇನ್ ಫ್ಲೈಗಳ ಚಿತ್ರಗಳು ಈಗ ಎಲ್ಲೆಡೆ ಕಾಣಿಸುತ್ತಿವೆ. ಆ ಚಿತ್ರಗಳ ಕೆಳಗೆ ಟಿಪುಲಾ ಪಲುಡೋಸಾ ಎಂಬಂತಹ ಪೂರ್ಣ ಹೆಸರನ್ನು ನಿಸ್ಸಂಕೋಚವಾಗಿ ಬರೆಯುವ ರೂಢಿಯೂ ಬೆಳೆಯುತ್ತಿದೆ. ಇದಕ್ಕೆ ನನ್ನ ಆಕ್ಷೇಪವಿದೆ. ಕ್ರೇನ್ ಫ್ಲೈಗಳ ಮಟ್ಟಿಗೆ ಬಹುಪಾಲು ಚಿತ್ರಗಳು ನಮ್ಮನ್ನು ಕುಟುಂಬದವರೆಗೆ, ಅದೃಷ್ಟವಿದ್ದರೆ ಕುಲದವರೆಗೆ (ಹತ್ತಿರದ ಸಂಬಂಧವಿರುವ ಪ್ರಭೇದಗಳ ಗುಂಪಿನವರೆಗೆ) ಮಾತ್ರ ಕರೆದೊಯ್ಯುತ್ತವೆ. ಅಲ್ಲಿಗೆ ನಿಲ್ಲುವುದೇ ಸರಿಯಾದ ಗುರುತಿಸುವಿಕೆ.

ಇದು ಕ್ರೇನ್ ಫ್ಲೈ ಹೌದೋ ಅಲ್ಲವೋ ಎಂಬುದನ್ನು ಚಿತ್ರದಿಂದ ಹೇಳುವುದು ಕಷ್ಟವಲ್ಲ. ಎದೆಯ ಬೆನ್ನಿನ ಮೇಲೆ ಇಂಗ್ಲಿಷಿನ ವಿ ಅಕ್ಷರದ ಆಕಾರದ ಗೀರು ಇರುತ್ತದೆ, ರೆಕ್ಕೆಯ ನರಗಳ ಮೇಲೆ ಸೊಳ್ಳೆಗಿರುವಂತಹ ಹುರುಪೆಗಳಿರುವುದಿಲ್ಲ, ರಕ್ತ ಹೀರುವ ಸೂಜಿಮೂತಿಯೂ ಇರುವುದಿಲ್ಲ. ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಕಾಣುವ ಚೂಪಾದ ಭಾಗ ಮೊಟ್ಟೆಯಿಡುವ ಅಂಗವೇ ಹೊರತು ಕುಟುಕುವ ಮುಳ್ಳಲ್ಲ.

ಮುಂದಿನ ಹೆಜ್ಜೆಯಲ್ಲೇ ತೊಡಕು ಶುರುವಾಗುತ್ತದೆ. ಅತ್ಯಂತ ಹೆಚ್ಚು ಅಧ್ಯಯನಗೊಂಡಿರುವ ಎರಡು ಯುರೋಪಿಯನ್ ಪ್ರಭೇದಗಳನ್ನೇ ನೋಡೋಣ: ಟಿಪುಲಾ ಪಲುಡೋಸಾ ಮತ್ತು ಟಿಪುಲಾ ಒಲೆರೇಸಿಯಾ. ಇವೆರಡರ ಮರಿಹುಳುಗಳೂ ಹುಲ್ಲಿನ ಬೇರನ್ನು ತಿಂದು ಹಾಳುಗೆಡವುತ್ತವೆ. 1935ರಲ್ಲಿ ಲಂಡನ್ನಿನ ಲಾರ್ಡ್ಸ್ ಕ್ರಿಕೆಟ್ ಮೈದಾನದ ಹುಲ್ಲು ಬೋಳಾದದ್ದು ಇಂತಹ ಕ್ರೇನ್ ಫ್ಲೈ ಮರಿಹುಳುಗಳಿಂದಲೇ. ಕೃಷಿಗೆ ಇಷ್ಟು ಮುಖ್ಯವಾದ, ತಲೆಮಾರುಗಳಿಂದ ಪರಿಚಿತವಾದ ಈ ಜೋಡಿಯನ್ನು ಬೇರ್ಪಡಿಸಲು ಏನನ್ನು ನೋಡಬೇಕು? ಮೀಸೆಯ ಗಂಟುಗಳನ್ನು ಎಣಿಸಬೇಕು, ಒಂದಕ್ಕೆ 14, ಇನ್ನೊಂದಕ್ಕೆ 13. ತಲೆಯ ಕೆಳಬದಿಯಲ್ಲಿ ಎರಡು ಕಣ್ಣುಗಳ ನಡುವಿನ ಅಂತರವನ್ನು ನೋಡಬೇಕು. ಹೆಣ್ಣಾದರೆ ರೆಕ್ಕೆ ಹೊಟ್ಟೆಗಿಂತ ಚಿಕ್ಕದೋ ಉದ್ದವೋ ಎಂಬುದು ನೆರವಾಗುತ್ತದೆ, ಏಕೆಂದರೆ ಪಲುಡೋಸಾ ಹೆಣ್ಣಿನ ರೆಕ್ಕೆ ಹೊಟ್ಟೆಯ ತುದಿಯನ್ನು ಮುಟ್ಟುವುದಿಲ್ಲ. ಗೋಡೆಯ ಮೇಲೆ ಕುಳಿತ ಕೀಟವನ್ನು ಮೇಲಿನಿಂದ ಮೊಬೈಲಿನಲ್ಲಿ ಸೆರೆಹಿಡಿದಾಗ ಇವುಗಳಲ್ಲಿ ರೆಕ್ಕೆಯ ಉದ್ದವೊಂದೇ ಸಿಕ್ಕೀತು, ಅದೂ ಕೀಟ ಹೆಣ್ಣಾಗಿದ್ದರೆ.

ನಮ್ಮ ಕಡೆಯ ಸ್ಥಿತಿ ಇನ್ನೂ ಬಿಗಿಯಾಗಿದೆ. ಜಗತ್ತಿನಲ್ಲಿ ಹೆಸರು ಪಡೆದಿರುವ ಕ್ರೇನ್ ಫ್ಲೈ ಪ್ರಭೇದಗಳು 15,000ಕ್ಕೂ ಹೆಚ್ಚು. ಅವುಗಳಲ್ಲಿ 11,000ಕ್ಕೂ ಹೆಚ್ಚಿಗೆ ಹೆಸರಿಟ್ಟವರು ಒಬ್ಬರೇ, ಅಮೆರಿಕದ ಚಾರ್ಲ್ಸ್ ಪಾಲ್ ಅಲೆಕ್ಸಾಂಡರ್ (1889–1981). ದಕ್ಷಿಣ ಭಾರತದಲ್ಲಿ ಪಿ. ಸುಸೈ ನಾಥನ್ ಸಂಗ್ರಹಿಸಿ ಕಳುಹಿಸಿದ ಮಾದರಿಗಳೂ ಅವರ ಕೈ ಸೇರಿ ಹೊಸ ಪ್ರಭೇದಗಳಾಗಿ ವರ್ಣನೆಗೊಂಡವು. ಕೊಡಗಿನ ಅಮ್ಮತ್ತಿಯ ಹೆಸರು ಕೀಟಶಾಸ್ತ್ರದ ಲೇಬಲ್ಲುಗಳ ಮೇಲೆ ಕಾಣಿಸುವುದು ಇದೇ ನಾಥನ್ ಅವರಿಂದ. ಅಲೆಕ್ಸಾಂಡರ್ ಅವರ ವರ್ಣನೆಗಳು ನಿಂತಿರುವುದು ರೆಕ್ಕೆಯ ನರಗಳ ವಿನ್ಯಾಸದ ಮೇಲೆ, ಮತ್ತು ಅದಕ್ಕಿಂತ ಹೆಚ್ಚಾಗಿ, ಸೂಕ್ಷ್ಮದರ್ಶಕದಡಿಯಲ್ಲಿ ಬಿಡಿಸಿ ನೋಡಿದ ಗಂಡಿನ ಜನನಾಂಗದ ರಚನೆಯ ಮೇಲೆ. ಆದ್ದರಿಂದ ನಮ್ಮ ತೋಟದ ಕೀಟದ ಚಿತ್ರವನ್ನು ಹೋಲಿಸಿ ನೋಡಲು ಬೇಕಾದ ಬಣ್ಣದ ಚಿತ್ರ ಬಹುತೇಕ ಪ್ರಭೇದಗಳಿಗೆ ಇಲ್ಲವೇ ಇಲ್ಲ. ಮೊಬೈಲ್ ಆ್ಯಪ್‌ಗಳು ತಮಗೆ ಕಲಿಸಿದ ಚಿತ್ರಗಳಲ್ಲೇ ಹತ್ತಿರದ್ದನ್ನು ಹುಡುಕಿ ಹೇಳುತ್ತವೆ. ಚಿತ್ರಗಳು ಹೆಚ್ಚಿರುವುದು ಯುರೋಪ್, ಅಮೆರಿಕಗಳಲ್ಲಿ, ಹಾಗಾಗಿ ಮಲೆನಾಡಿನ ಕೀಟಕ್ಕೆ ಇಂಗ್ಲೆಂಡಿನ ಹೆಸರು ಅಂಟಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಆ ಹೆಸರನ್ನು ಇನ್ನೊಬ್ಬರು ಪರಿಶೀಲಿಸದೆ ಒಪ್ಪಿಕೊಂಡರೆ ಅದು ಆ ಪ್ರಭೇದದ ದಾಖಲೆಯಾಗಿ ನಕ್ಷೆಯಲ್ಲಿ ಕೂರುತ್ತದೆ. ನನಗೆ ಕಳವಳವಿರುವುದು ಇದರ ಬಗ್ಗೆಯೇ.

ಹಾಗೆಂದು ಚಿತ್ರಗಳು ನಿಷ್ಪ್ರಯೋಜಕವೆಂದು ನಾನು ವಾದಿಸುತ್ತಿಲ್ಲ. ಕೊನೋಸಿಯಾ ಇರೊರೇಟಾ ಎಂಬ ಕ್ರೇನ್ ಫ್ಲೈ ಪ್ರಭೇದ ತನ್ನ ಚುಕ್ಕೆ ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು, ಕಡ್ಡಿಯ ಮುರುಕಿನಂತೆ ಓರೆಯಾಗಿ ಕೂರುವ ಭಂಗಿಯಿಂದಲೇ ಪರಿಚಯವಾಗುತ್ತದೆ. ಕಣಜವನ್ನು ಹೋಲುವ ಗಾಢ ಬಣ್ಣ ಮತ್ತು ಗಂಡಿನ ಬಾಚಣಿಗೆಯಂತಹ ಮೀಸೆಗಳಿಂದ ಸೆಲಿಯೋಫೋರಾ ಕುಲವನ್ನು, ಹಳದಿ ಮೈಮೇಲಿನ ಹೊಳಪಿನ ಕಪ್ಪು ಪಟ್ಟೆಗಳಿಂದ ನೆಫ್ರೊಟೋಮಾ ಕುಲವನ್ನು ಗುರುತಿಸಬಹುದು. ಜೀವಂತ ಕೀಟದ ನಡವಳಿಕೆಯನ್ನು ಹೇಳುವುದಂತೂ ಚಿತ್ರ ಮಾತ್ರ. ಲಿಮೋನಿಡೇ ಕುಟುಂಬದ ಕೆಲವು ಕ್ರೇನ್ ಫ್ಲೈಗಳು ಜೇಡರ ಬಲೆಯ ಎಳೆಗೆ ಸಾಲಾಗಿ ಜೋತುಬೀಳುವುದನ್ನು ಪೆಟ್ಟಿಗೆಯಲ್ಲಿ ಚುಚ್ಚಿಟ್ಟ ಮಾದರಿ ಎಂದಿಗೂ ತಿಳಿಸಲಾರದು.

ಆದುದರಿಂದ ನನ್ನ ಕೋರಿಕೆ ಚಿತ್ರ ತೆಗೆಯುವವರಲ್ಲಿ. ಒಂದೇ ಕೋನದಿಂದ ಹತ್ತು ಚಿತ್ರ ತೆಗೆಯುವ ಬದಲು ಬೇರೆ ಬೇರೆ ಭಾಗಗಳನ್ನು ತೆಗೆಯಿರಿ. ರೆಕ್ಕೆಗೆ ಲಂಬವಾಗಿ ಕ್ಯಾಮೆರಾ ಹಿಡಿದರೆ ನರಗಳೆಲ್ಲ ಸ್ಪಷ್ಟವಾಗುತ್ತವೆ. ಪಕ್ಕದಿಂದ ತಲೆಯನ್ನು ತೆಗೆದರೆ ಬಾಯಿಯ ಬಳಿಯ ಪ್ಯಾಲ್ಪ್ ಎಂಬ ಸಣ್ಣ ಸ್ಪರ್ಶಾಂಗದ ಕೊನೆಯ ಗಂಟು ಉದ್ದವೋ ಗಿಡ್ಡವೋ ಎಂಬುದು ತಿಳಿಯುತ್ತದೆ. ಉದ್ದವಿದ್ದರೆ ಟಿಪುಲಿಡೇ ಕುಟುಂಬದ ಕಡೆಗೆ, ಗಿಡ್ಡವಿದ್ದರೆ ಸಾಮಾನ್ಯವಾಗಿ ಲಿಮೋನಿಡೇ ಕಡೆಗೆ ಹೋಗಬೇಕು. ಗಂಡಾದರೆ ಹೊಟ್ಟೆಯ ಉಬ್ಬಿದ ತುದಿಯನ್ನು ಪಕ್ಕದಿಂದ ಮತ್ತು ಮೇಲಿನಿಂದ, ಎಷ್ಟು ಹತ್ತಿರದಿಂದ ಸಾಧ್ಯವೋ ಅಷ್ಟು ಹತ್ತಿರದಿಂದ ತೆಗೆಯಿರಿ. ಈ ಕೀಟಗಳ ಕಾಲು ಮುಟ್ಟಿದರೆ ಕಳಚಿಬೀಳುವುದರಿಂದ ಕೈಯಲ್ಲಿ ಹಿಡಿಯಲು ಹೋಗಬೇಡಿ. ದಿನಾಂಕ, ಊರು, ಎತ್ತರ, ಹತ್ತಿರದಲ್ಲಿ ಹಳ್ಳವಿತ್ತೋ ಗದ್ದೆಯಿತ್ತೋ ಎಂಬ ವಿವರ ಬರೆಯಿರಿ. ಹೆಸರಿನ ಜಾಗದಲ್ಲಿ ಕುಲದ ಹೆಸರೊಂದೇ ಇದ್ದರೂ, ಇಷ್ಟೆಲ್ಲ ಇರುವ ದಾಖಲೆಯನ್ನು ತಜ್ಞರೊಬ್ಬರು ಹತ್ತು ವರ್ಷಗಳ ನಂತರವೂ ತೆರೆದು ಕೆಲಸಕ್ಕೆ ಬಳಸಿಕೊಳ್ಳಬಹುದು.