ಕಡಿದದ್ದು ಒಂದೇ ಮರ, ಸಾಹೇಬ್ರ!

ಹುಬ್ಬಳ್ಳಿಯಲ್ಲಿ ಮನೆ ಕಟ್ಟಿಸುವವರು ಸಾಗವಾನಿ ರೇಟು ಕೇಳಿ ಬೆವರಿದ ಮೇಲೆ ಬಡಿಗೇರರು ‘ಮಲೇಷ್ಯಾ ಸಾಲ್ ಹಾಕಸ್ರಿ’ ಅಂತಾರೆ. ಚೌಕಟ್ಟು ನಿಲ್ಲುತ್ತದೆ, ಅರಿಶಿಣ ಕುಂಕುಮ ಬೀಳುತ್ತದೆ. ಆ ಮರದ ಜೊತೆ ಕಾಡಿನಲ್ಲಿ ಯಾರ್ಯಾರು ಬಿದ್ದರು ಅನ್ನೋದು ಬಿಲ್ಲಿನಲ್ಲಿ ಇರೋದಿಲ್ಲ. ಜಿಎಸ್‌ಟಿ ಮಾತ್ರ ಇರುತ್ತದೆ.

ಮರ ಕಡಿಸುವ ಅರಣ್ಯ ಇಲಾಖೆಯ ಕಡತದ ಗಣಿತ ಭಾರೀ ಸ್ವಚ್ಛ ನೋಡ್ರಿ. ಬಲಿತ ಮರ ಆರಿಸಿ, ಬುಡಕ್ಕೆ ಸುತ್ತಿಗೆ ಮುದ್ರೆ ಹೊಡೆದು, ಎದೆಮಟ್ಟದ ಸುತ್ತಳತೆ ಬರೆದರೆ ಆಯಿತು. ಮುದ್ರೆ ಬೀಳದ ಮರ ಸತ್ತರೂ ಸತ್ತಂತಲ್ಲ, ಅದಕ್ಕೆ ಕಾಲಮ್ಮೇ ಇಲ್ಲ. 1983ರ ಸೆಪ್ಟೆಂಬರಿನಲ್ಲಿ ಹಾನಗಲ್ಲಿನ ಮಗ್ಗುಲಿಗೇ ಇರುವ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಡಿತ ತಡೆಯಲು ಮರ ಅಪ್ಪಿ ನಿಂತಾಗಲೂ ಕಾಗದದಲ್ಲಿ ಕಡಿಯೋದು ಎಕರೆಗೆ ಎರಡೇ ಮರ!

ಮಳೆಕಾಡಿನ ಮರಕ್ಕೆ ಒಂಟಿಯಾಗಿ ಬೀಳೋ ಅಭ್ಯಾಸವಿಲ್ಲ. ತೊಡೆಗಾತ್ರದ ಹಂಬುಗಳು ನೆತ್ತಿಯಲ್ಲಿ ನಾಲ್ಕಾರು ಮರಗಳನ್ನು ಬಿಗಿದಿರುತ್ತವೆ. ಒಂದು ಉರುಳಿದರೆ ಪಕ್ಕದವುಗಳ ಕೊಂಬೆ ಕಿತ್ತು ಬರುತ್ತವೆ, ಕೆಳಗಿನ ಎಳೆ ಮರಗಳು ನುಗ್ಗಾಗುತ್ತವೆ. ಆಮೇಲೆ ದಿಮ್ಮಿ ಹುಡುಕಿಕೊಂಡು ಬುಲ್ಡೋಜರ್ ಒಳಗೆ ಹೊಕ್ಕು ತಿರುಗುತ್ತದೆ. ತಿರುಗಿದಲ್ಲೆಲ್ಲ ತೊಗಟೆ ಸುಲಿಯುತ್ತದೆ, ಹಸಿ ನೆಲ ಗಟ್ಟಿಯಾಗಿ ನೀರು ಇಂಗೋದಿಲ್ಲ, ಬೇರಿಗೆ ಉಸಿರು ಸಿಗೋದಿಲ್ಲ.

ಇದಕ್ಕೆ ಮದ್ದಿಲ್ಲವೇ? ಇದೆ, ಅದೇ ತಕರಾರು. ಕಡಿಯುವ ಆರು ತಿಂಗಳಿಂದ ವರ್ಷದ ಮೊದಲೇ ಹಂಬು ಕತ್ತರಿಸಿದರೆ ಅವು ಒಣಗಿ ಪುಡಿಯಾಗಿ ಹಿಡಿತ ಬಿಡುತ್ತವೆ. 60 ಸೆಂ.ಮೀ. ದಪ್ಪದ ಮರಕ್ಕೆ, ಬೀಳಬೇಕಾದ ದಿಕ್ಕಿಗೆ 12ರಿಂದ 15 ಸೆಂ.ಮೀ. ಆಳದ ಬಾಯಿ ತೆಗೆದು, ಹಿಂದಿನಿಂದ ತುಸು ಮೇಲೆ ಕೊಯ್ದು, ನಡುವೆ 6 ಸೆಂ.ಮೀ. ಕೊಯ್ಯದೆ ಬಿಡಬೇಕು. ಆ ಪಟ್ಟಿ ಬಾಗಿಲ ಕೀಲಿನಂತೆ ಮರವನ್ನು ಹೇಳಿದ ಕಡೆಗೆ ಮಲಗಿಸುತ್ತದೆ. ಅದನ್ನೂ ಕೊಯ್ದುಬಿಟ್ಟರೆ ಮರ ತನ್ನಿಷ್ಟಕ್ಕೆ ಬೀಳುತ್ತದೆ, ಕೊಯ್ದವನ ಮೇಲಾದರೂ ಸೈ. ಎಳೆಯುವ ದಾರಿ ಮೊದಲೇ ಗುರುತಿಸಿ, ಯಂತ್ರ ದಾರಿಯಲ್ಲೇ ನಿಂತು ವಿಂಚಿನ (ಹಗ್ಗ ಸುತ್ತಿ ಎಳೆಯುವ ರಾಟೆಯ) ಹಗ್ಗದಿಂದ ದಿಮ್ಮಿ ಸೆಳೆಯಬೇಕು. ಬೋರ್ನಿಯೊ ದ್ವೀಪದಲ್ಲಿರುವ ಮಲೇಷ್ಯಾದ ಸಬಾ ರಾಜ್ಯದಲ್ಲಿ 1990ರ ದಶಕದಲ್ಲಿ ಇಷ್ಟು ಮಾಡಿ ನೋಡಿದರು. ಉಳಿದ ಮರಗಳಿಗಾಗುವ ಹಾನಿ ಅರ್ಧಕ್ಕರ್ಧ ತಗ್ಗಿತು.

ಆದರೆ ಕೂಲಿ ಸಿಗೋದು ಘನ ಮೀಟರಿಗೆ. ಹಂಬು ಯಾವ ಘನ ಮೀಟರಿಗೂ ಬರೋದಿಲ್ಲ. ವರ್ಷ ಮೊದಲೇ ಹಂಬು ಕಡಿಯೋಕೆ ಹಣ ಕೇಳಿದರೆ, ಲೆಕ್ಕದವರು ‘ಮರ ಎಲ್ಲಿ?’ ಅಂತ ಆಕ್ಷೇಪಣೆ ಬರೆಯುತ್ತಾರೆ. ನ್ಯಾಯವೇ ಬಿಡ್ರಿ.

ಸುಲಿದ ಮರ ಅವತ್ತೇ ಸಾಯದಿರೋದು ಕಡತಕ್ಕೆ ಇನ್ನೂ ಅನುಕೂಲ. ಗಾಯದಿಂದ ಶಿಲೀಂಧ್ರ ಹೊಕ್ಕು, ಒಳಗೆ ಪೊಳ್ಳಾಗಿ, ಕೆಲವು ವರ್ಷಕ್ಕೆ ಒಂದು ಬಿರುಗಾಳಿಗೆ ಉರುಳುತ್ತದೆ. ಆಗ ಅದಕ್ಕೂ ಒಂದು ಕಾಲಮ್ ಸಿಗುತ್ತದೆ: ‘ಗಾಳಿಗೆ ಬಿದ್ದದ್ದು’. ಹರಾಜು ಕರೆಯುತ್ತಾರೆ. ಗುತ್ತಿಗೆದಾರ ಅದನ್ನು ಎಳೆದು ತರಲು ಬುಲ್ಡೋಜರ್ ಒಯ್ಯುತ್ತಾನೆ, ಈ ಸಲ ಹೊಸ ದಾರಿಯಲ್ಲಿ.